ಗುರುತು ಹಚ್ಚುವ ಕೈ, ಗುರುತು ಅಳಿಸುವ ಕೈ

(ಸೆಟ್ಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಜೀವಕೋಶದೊಳಗಿನ ಪ್ರೋಟೀನುಗಳ ಮೇಲೆ ನಡೆಯತಕ್ಕ ಅತಿಸೂಕ್ಷ್ಮವಾದ ರಾಸಾಯನಿಕ ಮಾರ್ಪಾಟುಗಳನ್ನು ಕುರಿತು ಕಲ್ಯಾಣದುರ್ಗದ ಸೀಮೆಯ ಈ ಊರಿನಲ್ಲಿ ಕನ್ನಡದಲ್ಲಿಯೇ ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದಾಗ ನನಗೆ ಸಂತೋಷವೂ ಆಯಿತು, ಹೊಣೆಯ ಭಾರವೂ ತಿಳಿಯಿತು. ಆಡಳಿತದ ಗೆರೆಗಳು ಎಲ್ಲಿಯೇ ಹಾದುಹೋಗಿರಲಿ, ನೊಳಂಬರು ಹೆಂಜೇರಿನಲ್ಲಿ, ಎಂದರೆ ಮಡಕಶಿರಾ ಸೀಮೆಯ ಇಂದಿನ ಹೇಮಾವತಿಯಲ್ಲಿ, ರಾಜ್ಯವಾಳಿ ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದ ಕಾಲದಿಂದಲೂ ಈ ನೆಲದಲ್ಲಿ ಕನ್ನಡದ ಉಸಿರು ತೆಲುಗಿನ ಉಸಿರಿನೊಡನೆ ಬೆರೆತು ಆಡುತ್ತಿದೆ. ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಲಾಗದೆಂಬ ಶಂಕೆಗೆ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗಲೇ ಉತ್ತರ ದೊರೆತಿದೆ. ಆದಕಾರಣ ಆ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ, ಕೆಲವೇ ಅಪವಾದಗಳನ್ನು ಬಿಟ್ಟರೆ, ಒಂದೇ ಡಿ.ಎನ್.ಎ. ಇದೆ. ಪ್ರೋಟೀನುಗಳನ್ನು ಕಟ್ಟುವ ವಿಧಾನವನ್ನು ತಿಳಿಸುವ ಸುಮಾರು 20,000 ಜೀನುಗಳು ಅದರಲ್ಲಿ ಅಡಗಿವೆ. ಯಕೃತ್ತಿನ ಕೋಶವು ಯಕೃತ್ತಿನದಾಗಿಯೂ ಮಿದುಳಿನ ಕೋಶವು ಮಿದುಳಿನದಾಗಿಯೂ ಉಳಿಯುವುದಕ್ಕೆ ಕಾರಣ, ಆಯಾ ಕೋಶದಲ್ಲಿ ಆ ಜೀನುಗಳ ಪೈಕಿ ಕೆಲವು ಮಾತ್ರ ಪ್ರತಿಲೇಖನಗೊಂಡು, ಅಂದರೆ ಆರ್.ಎನ್.ಎ. ರೂಪದಲ್ಲಿ ನಕಲಾಗಿ ಬಂದು, ಉಳಿದವು ಸುಮ್ಮನಿರುವುದೇ. ಯಾವುದು ನಕಲಾಗಬೇಕು, ಯಾವುದು ಕೂಡದು ಎಂಬುದನ್ನು ಗೊತ್ತುಮಾಡುವವೂ ಪ್ರೋಟೀನುಗಳೇ, ಡಿ.ಎನ್.ಎ.ಯ ನಿಯತವಾದ ಅಕ್ಷರಗಳನ್ನು ಗುರುತಿಸಿ ಅಲ್ಲಿ ಹೋಗಿ ಕುಳಿತುಕೊಳ್ಳುವ ಈ ಪ್ರೋಟೀನುಗಳನ್ನು ಪ್ರತಿಲೇಖನ ನಿಯಾಮಕಗಳೆಂದು ಕರೆಯೋಣ. ಮನುಷ್ಯನಲ್ಲಿ ಇಂಥವು 1,600ರಷ್ಟು ಇವೆಯೆಂದು ಎಣಿಸಿದ್ದಾರೆ.

ಇಷ್ಟನ್ನು ಕೇಳಿದ ಬುದ್ಧಿವಂತ ವಿದ್ಯಾರ್ಥಿಯು ಕೂಡಲೆ ಒಂದು ಪ್ರಶ್ನೆಯನ್ನು ಎತ್ತುತ್ತಾನೆ: ‘ಜೀನನ್ನು ಆಳುವುದು ನಿಯಾಮಕ, ನಿಯಾಮಕವನ್ನು ಆಳುವುದು ಯಾವುದು?’ ಮತ್ತೊಂದು ನಿಯಾಮಕವೆಂದು ಉತ್ತರ ಹೇಳಿದರೆ ಅನವಸ್ಥಾದೋಷ ಬರುತ್ತದೆ, ಸರಪಣಿಗೆ ಕೊನೆಯೇ ಇರುವುದಿಲ್ಲ. ಮೇಲಾಗಿ, ಹೊಸ ಪ್ರೋಟೀನನ್ನು ಕಟ್ಟುವುದಕ್ಕೆ ಬಹಳ ಹೊತ್ತು ಬೇಕು; ಆಪತ್ತಾದರೋ ಅಷ್ಟು ಹೊತ್ತು ಕಾಯುವುದಿಲ್ಲ. ಜೀವಕೋಶವು ಕಂಡುಕೊಂಡಿರುವ ಉಪಾಯ ಬೇರೆಯದೇ ಆಗಿದೆ. ನಿಯಾಮಕವನ್ನು ಮೊದಲೇ ಕಟ್ಟಿ ಇಟ್ಟುಕೊಂಡು, ಅದನ್ನು ನಿಷ್ಕ್ರಿಯವಾಗಿಯೇ ಇರಗೊಟ್ಟು, ಸಮಯ ಒದಗಿದಾಗ ಅದರ ಮೈಮೇಲೆ ಒಂದು ಪುಟ್ಟ ರಾಸಾಯನಿಕ ಗುರುತನ್ನು ಹಚ್ಚುವುದು, ಸಮಯ ತೀರಿದ ಮೇಲೆ ಆ ಗುರುತನ್ನು ಅಳಿಸುವುದು, ಇದೇ ಆ ಉಪಾಯ. ಈ ಹೊತ್ತಿನ ನನ್ನ ಉಪನ್ಯಾಸದ ಸಾರವೆಲ್ಲ ಈ ಹಚ್ಚುವಿಕೆ ಅಳಿಸುವಿಕೆಗಳಲ್ಲಿಯೇ ಇದೆ. ಅವುಗಳಲ್ಲಿಯೂ ಅಳಿಸುವಿಕೆಗೆ ಸಲ್ಲಬೇಕಾದ ಗೌರವವು ಇನ್ನೂ ಸಂದಿಲ್ಲವೆಂಬುದು ನನ್ನ ಭಾವನೆ.

ಈ ಗುರುತುಗಳ ಪೈಕಿ ಮೊದಲು ಪತ್ತೆಯಾದದ್ದು ಫಾಸ್ಫೇಟು, ಮತ್ತು ಅದು ಪತ್ತೆಯಾದ ಬಗೆ ಸ್ವಾರಸ್ಯವಾದದ್ದು. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಶರ್ಕರವನ್ನು ಕರಗಿಸುವ ಫಾಸ್ಫೊರೈಲೇಸ್ ಎಂಬ ಕಿಣ್ವಕ್ಕೆ ಸಕ್ರಿಯ, ನಿಷ್ಕ್ರಿಯ ಎಂಬ ಎರಡು ರೂಪಗಳಿವೆಯೆಂದು ಅಮೆರಿಕದ ಕಾರ್ಲ್ ಕೋರಿ, ಗರ್ಟಿ ಕೋರಿ ದಂಪತಿಗಳು ತಿಳಿದಿದ್ದರು. 1955ರ ಸುಮಾರಿಗೆ ಸಿಯಾಟಲ್ ನಗರದಲ್ಲಿ ಎಡ್ಮಂಡ್ ಫಿಶರ್, ಎಡ್ವಿನ್ ಕ್ರೆಬ್ಸ್ ಎಂಬ ಇಬ್ಬರು ಇದೇ ಕಿಣ್ವವನ್ನು ಶುದ್ಧಿಮಾಡಹೊರಟು, ಸ್ನಾಯುರಸವನ್ನು ಸೋಸುಕಾಗದದಲ್ಲಿ ಸೋಸುವ ಬದಲು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತಿಳಿಮಾಡಿಕೊಂಡಾಗ, ಅವರಿಗೆ ಪ್ರತಿಬಾರಿಯೂ ದೊರೆತದ್ದು ನಿಷ್ಕ್ರಿಯ ರೂಪ ಮಾತ್ರ. ಹಳೆಯ ಪದ್ಧತಿಯಂತೆ ಕಾಗದದಲ್ಲಿ ಸೋಸಿದರೆ ಸಕ್ರಿಯ ರೂಪ ಬರುತ್ತಿತ್ತು. ಕಾಗದದಲ್ಲಿ ಏನಿದ್ದೀತೆಂದು ಹುಡುಕುತ್ತ ಹೋದರೆ ಕಂಡುಬಂದದ್ದು, ಅದರಲ್ಲಿ ಕಲ್ಮಷವಾಗಿ ಸೇರಿಕೊಂಡಿದ್ದ ಅತ್ಯಲ್ಪ ಸುಣ್ಣಾಂಶ, ಕ್ಯಾಲ್ಸಿಯಂ. ಆ ಕ್ಯಾಲ್ಸಿಯಂ ಸ್ನಾಯುರಸದಲ್ಲಿದ್ದ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತಿತ್ತು. ಎದ್ದ ಆ ಕಿಣ್ವವು ಎ.ಟಿ.ಪಿ. ಎಂಬ ಅಣುವಿನಿಂದ ಒಂದು ಫಾಸ್ಫೇಟನ್ನು ಕಿತ್ತು ಫಾಸ್ಫೊರೈಲೇಸಿಗೆ ಅಂಟಿಸುತ್ತಿತ್ತು. ಅಂಟಿದೊಡನೆ ಮಲಗಿದ್ದ ಫಾಸ್ಫೊರೈಲೇಸು ಕೆಲಸಕ್ಕೆ ತೊಡಗುತ್ತಿತ್ತು. ಒಂದು ಕಾಗದದ ಚೂರಿನ ಕಲ್ಮಷವನ್ನು ಉಪೇಕ್ಷೆಮಾಡದೆ ವಿಚಾರಿಸಿದ್ದರ ಫಲವಾಗಿ ಜೀವರಸಾಯನಶಾಸ್ತ್ರದಲ್ಲಿ ಒಂದು ಹೊಸ ಅಧ್ಯಾಯವೇ ತೆರೆಯಿತು. ಇಬ್ಬರಿಗೂ 1992ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಫಾಸ್ಫೇಟು ಅಂಟುವ ಸ್ಥಾನಗಳು ಮುಖ್ಯವಾಗಿ ಸೆರೀನ್, ಥ್ರಿಯೊನೀನ್, ಟೈರೊಸೀನ್ ಎಂಬ ಮೂರು ಅಮೈನೋ ಆಮ್ಲಗಳು. ಅದು ತನ್ನೊಡನೆ ಋಣ ವಿದ್ಯುದಂಶವನ್ನು ಹೊತ್ತು ತರುವುದರಿಂದ, ಅದು ಕೂತ ಜಾಗದ ಸುತ್ತಲಿನ ಆಕರ್ಷಣ ವಿಕರ್ಷಣಗಳು ಬದಲಾಗಿ, ಪ್ರೋಟೀನಿನ ಆಕಾರವೇ ವಾಲಿಕೊಳ್ಳುತ್ತದೆ, ಇಲ್ಲವೆ ಮತ್ತೊಂದು ಪ್ರೋಟೀನು ಬಂದು ಹಿಡಿದುಕೊಳ್ಳಲು ಅಲ್ಲಿ ಒಂದು ನೆಲೆ ಏರ್ಪಡುತ್ತದೆ. ಅಂಟಿಸುವ ಕಿಣ್ವಗಳಿಗೆ ಕೈನೇಸುಗಳೆಂದೂ ಕೀಳುವ ಕಿಣ್ವಗಳಿಗೆ ಫಾಸ್ಫಟೇಸುಗಳೆಂದೂ ಹೆಸರು. ಮನುಷ್ಯನ ಜೀನುಗಳಲ್ಲಿ ಕೈನೇಸುಗಳಿಗೆ ಸಂಬಂಧಿಸಿದವೇ ಐನೂರಕ್ಕೂ ಮಿಗಿಲಾಗಿವೆಯೆಂದರೆ, ಈ ಕಾರ್ಯಕ್ಕೆ ಪ್ರಕೃತಿಯು ಎಷ್ಟು ವೆಚ್ಚಮಾಡಿದೆಯೆಂಬುದು ತಿಳಿಯುತ್ತದೆ.

ಪ್ರತಿಲೇಖನ ನಿಯಾಮಕಗಳೂ ಇದೇ ಶಾಸನಕ್ಕೆ ಒಳಪಟ್ಟಿವೆಯೆಂಬುದು ಅನಂತರ ಸ್ಥಿರಪಟ್ಟಿತು. ಕ್ರೆಬ್ ಎಂಬ ನಿಯಾಮಕದ 133ನೆಯ ಸ್ಥಾನದಲ್ಲಿರುವ ಸೆರೀನಿಗೆ ಫಾಸ್ಫೇಟು ಅಂಟಿದ ಹೊರತು ಅದು ಜೀನನ್ನು ಎಬ್ಬಿಸಲಾರದೆಂದು 1989ರಲ್ಲಿ ತೋರಿಸಲಾಯಿತು. ಅಂಟಿದ ಮೇಲೆ ಆಗುವುದೇನೆಂದರೆ, ಸಿ.ಬಿ.ಪಿ. ಎಂಬ ಬೃಹತ್ತಾದ ಪ್ರೋಟೀನು ಬಂದು ಆ ಗುರುತನ್ನು ಹಿಡಿದುಕೊಳ್ಳುತ್ತದೆ. ಸಿ.ಬಿ.ಪಿ.ಗೆ ಪಿ-300 ಎಂಬ ಅವಳಿ ಸೋದರನುಂಟು. ಇವೆರಡೂ ಕೇವಲ ಜೊತೆಗಾರರಲ್ಲ, ತಾವೇ ಕಿಣ್ವಗಳು, ಬೇರೊಂದು ಬಗೆಯ ಗುರುತನ್ನು ತಾವೇ ಹಚ್ಚಬಲ್ಲವು ಎಂಬುದು 1996ರಲ್ಲಿ ಬೆಳಕಿಗೆ ಬಂತು. ಆ ಗುರುತು ಅಸೆಟೈಲ್ ಗುಂಪು. ಹೀಗೆ ಒಂದು ಗುರುತು ಮತ್ತೊಂದು ಗುರುತಿನ ಕರ್ತೃವನ್ನು ಸ್ಥಳಕ್ಕೆ ಕರೆತರುತ್ತದೆ.

ಅಸೆಟೈಲಿನ ಮಹಿಮೆ ಅರಿಯಬೇಕಾದರೆ ಡಿ.ಎನ್.ಎ. ಕೋಶದೊಳಗೆ ಇರುವ ರೀತಿಯನ್ನು ಅರಿಯಬೇಕು. ಒಂದೊಂದು ಕೋಶದಲ್ಲಿಯೂ ಎರಡು ಮೀಟರು ಉದ್ದದಷ್ಟು ಡಿ.ಎನ್.ಎ. ಇದ್ದು, ಅದು ಹಿಸ್ಟೋನುಗಳೆಂಬ ಪ್ರೋಟೀನುಗಳ ಎಂಟೆಂಟರ ಗುಂಪಿನ ಸುತ್ತ 147 ಅಕ್ಷರಜೋಡಿಗಳ ಉದ್ದಕ್ಕೆ ಸುತ್ತಿಕೊಂಡು ಅಡಕವಾಗಿದೆ. ಹೀಗೆ ಅಡಕಗೊಂಡ ಡಿ.ಎನ್.ಎ.ಯನ್ನು ಕ್ರೊಮಾಟಿನ್ ಎನ್ನುತ್ತಾರೆ. ಹಿಸ್ಟೋನಿನಲ್ಲಿ ಧನ ವಿದ್ಯುದಂಶವುಳ್ಳ ಲೈಸೀನ್ ಎಂಬ ಅಮೈನೋ ಆಮ್ಲಗಳು ಹೇರಳ, ಡಿ.ಎನ್.ಎ.ಯಾದರೋ ಋಣ ವಿದ್ಯುದಂಶವುಳ್ಳದ್ದು. ಆದ್ದರಿಂದ ಅಪ್ಪುಗೆ ಬಿಗಿ. ಲೈಸೀನಿಗೆ ಅಸೆಟೈಲ್ ಅಂಟಿದರೆ ಅದರ ಧನಾಂಶವು ಮುಚ್ಚಿಹೋಗಿ ಅಪ್ಪುಗೆ ಸಡಿಲುತ್ತದೆ, ಜೀನು ನಕಲಿಗೆ ಒದಗುತ್ತದೆ. ಅಸೆಟೈಲಿಗೂ ಪ್ರತಿಲೇಖನಕ್ಕೂ ಇಂಥ ನಂಟು ಇರಬೇಕೆಂದು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವಿನ್ಸೆಂಟ್ ಆಲ್‌ಫ್ರೆ 1964ರಷ್ಟು ಹಿಂದೆಯೇ ಹೇಳಿದ್ದರು. ಅದೇ ಸಂಸ್ಥೆಯ ರಾಬರ್ಟ್ ರೋಡರ್ ಅವರ ಪ್ರಯೋಗಾಲಯದಿಂದ 1997ರಲ್ಲಿ ಹೊರಬಂದ ವಾರ್ತೆ ಇನ್ನೂ ದೊಡ್ಡದು: ಪಿ-300 ಹಿಸ್ಟೋನಿಗೆ ಮಾತ್ರವಲ್ಲದೆ ಪಿ-53 ಎಂಬ ನಿಯಾಮಕಕ್ಕೂ ನೇರವಾಗಿ ಅಸೆಟೈಲನ್ನು ಅಂಟಿಸುತ್ತದೆ, ಅಂಟಿಸಿದಾಗ ಪಿ-53 ಡಿ.ಎನ್.ಎ.ಯನ್ನು ಹಿಡಿಯುವ ಶಕ್ತಿ ಹೆಚ್ಚುತ್ತದೆ.

ಪಿ-53ರ ಬಗೆಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1979ರಲ್ಲಿ ಕಂಡುಬಂದ ಈ ಪ್ರೋಟೀನು, ಡಿ.ಎನ್.ಎ.ಗೆ ಘಾತವಾದಾಗ ಕೋಶದ ವಿಭಜನೆಯನ್ನು ನಿಲ್ಲಿಸಿ, ಘಾತವು ದುರಸ್ತಿಗೆ ಮೀರಿದ್ದಾದರೆ ಕೋಶವು ತನ್ನನ್ನು ತಾನೇ ಮುಗಿಸಿಕೊಳ್ಳುವಂತೆ ಮಾಡುತ್ತದೆ. ಮನುಷ್ಯರ ಅರ್ಬುದಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನು ಕೆಟ್ಟಿರುತ್ತದೆ. ಇಷ್ಟು ಪ್ರಬಲವಾದ ನಿಯಾಮಕವು ನಿತ್ಯವೂ ಎಚ್ಚರವಾಗಿದ್ದರೆ ಯಾವ ಕೋಶವೂ ಬೆಳೆಯಲಾರದು. ಆದ್ದರಿಂದ ಸ್ವಸ್ಥವಾದ ಕೋಶದಲ್ಲಿ ಇದು ಹುಟ್ಟುತ್ತ ಹುಟ್ಟುತ್ತಲೇ ನಾಶವಾಗುತ್ತಿರುತ್ತದೆ: ಎಂ.ಡಿ.ಎಂ-2 ಎಂಬ ಪ್ರೋಟೀನು ಇದನ್ನು ಹಿಡಿದು ಯುಬಿಕ್ವಿಟಿನ್ ಎಂಬ ಗುರುತನ್ನು ಹಚ್ಚುತ್ತದೆ, ಯುಬಿಕ್ವಿಟಿನ್ ಹಚ್ಚಿಸಿಕೊಂಡದ್ದು ಕೋಶದ ವಿನಾಶಯಂತ್ರಕ್ಕೆ ಆಹುತಿಯಾಗುತ್ತದೆ. ಡಿ.ಎನ್.ಎ. ಮುರಿದಾಗ ಕೈನೇಸುಗಳು ಧಾವಿಸಿ ಪಿ-53ರ ಮೂತಿಯ ಸೆರೀನುಗಳಿಗೆ ಫಾಸ್ಫೇಟನ್ನು ಅಂಟಿಸುತ್ತವೆ, ಎಂ.ಡಿ.ಎಂ-2ರ ಹಿಡಿತ ಜಾರುತ್ತದೆ. ಪಿ-300 ಬಂದು ಬಾಲದ ಲೈಸೀನುಗಳಿಗೆ ಅಸೆಟೈಲನ್ನು ಹಚ್ಚುತ್ತದೆ. ಯಾವ ಲೈಸೀನುಗಳಿಗೆ ಯುಬಿಕ್ವಿಟಿನ್ ಅಂಟಬೇಕಾಗಿತ್ತೋ ಅವೇ ಈಗ ಅಸೆಟೈಲಿನಿಂದ ಆವೃತವಾಗಿರುವುದರಿಂದ ನಾಶದ ದಾರಿ ಮುಚ್ಚುತ್ತದೆ. ಒಂದೇ ಸ್ಥಾನದಲ್ಲಿ ಮರಣದ ಗುರುತಿಗೂ ಕಾರ್ಯದ ಗುರುತಿಗೂ ಪೈಪೋಟಿ ನಡೆಯುವ ಈ ವ್ಯವಸ್ಥೆಗಿಂತ ಮಿಗಿಲಾದ ಚಾತುರ್ಯವನ್ನು ನಾನು ಜೀವಲೋಕದಲ್ಲಿ ಬೇರೆಲ್ಲಿಯೂ ಕಂಡಿಲ್ಲ.

ಈ ಕಥೆಯ ಒಂದು ಮುಖ್ಯ ಪ್ರಕರಣ ನಡೆದದ್ದು ನಮ್ಮ ನೆರೆಯ ಬೆಂಗಳೂರಿನಲ್ಲಿ ಎಂಬುದನ್ನು ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಆರ್. ಎಸ್. ರಾವ್ ಅವರು ಹಿಸ್ಟೋನುಗಳನ್ನೂ ವೀರ್ಯಾಣುವು ರೂಪುಗೊಳ್ಳುವಾಗ ಅವುಗಳ ಸ್ಥಾನಕ್ಕೆ ಬರುವ ಪ್ರೋಟೀನುಗಳನ್ನೂ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಅವರಲ್ಲಿ ಶಿಷ್ಯವೃತ್ತಿ ಮಾಡಿದ ತಪಸ್ ಕುಂಡು ಅವರು ರಾಕ್‌ಫೆಲ್ಲರಿಗೆ ಹೋಗಿ ರೋಡರ್ ಅವರೊಡನೆ ದುಡಿದು, ಕ್ರೊಮಾಟಿನ್ನಿನಿಂದ ಪ್ರತಿಲೇಖನ ನಡೆಯಲು ಪಿ-300 ಹೇಗೆ ಹಿಸ್ಟೋನುಗಳಿಗೆ ಅಸೆಟೈಲು ಹಚ್ಚುತ್ತದೆಯೆಂಬುದನ್ನು ಪ್ರಯೋಗನಳಿಕೆಯಲ್ಲಿಯೇ ತೋರಿಸಿ, ಹಿಂದಿರುಗಿ ಬಂದು, 1989ರಲ್ಲಿ ಸ್ಥಾಪಿತವಾಗಿದ್ದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ತಮ್ಮದೇ ಪ್ರಯೋಗಾಲಯವನ್ನು ತೆರೆದರು. ಪಿ-300ರ ಕೈಯನ್ನು ತಡೆಯಬಲ್ಲ ಸಣ್ಣ ಅಣುಗಳಿವೆಯೇ ಎಂಬುದು ಅಲ್ಲಿ ಎತ್ತಿಕೊಂಡ ಪ್ರಶ್ನೆ. ಉತ್ತರಕ್ಕಾಗಿ ಅವರು ಹುಡುಕಿದ್ದು ನಮ್ಮ ನಾಡಿನ ಗಿಡಮರಗಳನ್ನೇ.

ಮೊದಲು ದೊರೆತದ್ದು ಗೇರುಬೀಜದ ಸಿಪ್ಪೆಯಲ್ಲಿ. ಮಂಗಳೂರು, ಕಾಸರಗೋಡು ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಕೆಲಸಮಾಡುವ ಹೆಂಗಸರ ಕೈಬೆರಳನ್ನು ಸುಟ್ಟು ಸಿಪ್ಪೆ ಏಳಿಸುವ ಆ ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲವಿದೆ. ಅದು ಪಿ-300ನ್ನು ತಡೆಯುತ್ತದೆಯೆಂದು 2003ರಲ್ಲಿ ಪ್ರಕಟಿಸಿದರು. ಅಷ್ಟೇ ಆಗಿದ್ದರೆ ಅದು ಒಂದು ಸಾಮಾನ್ಯ ವಾರ್ತೆ. ಆದರೆ ಅದೇ ಆಮ್ಲವನ್ನು ಮೂಲವಾಗಿಟ್ಟುಕೊಂಡು ಅವರು ರಚಿಸಿದ ಇನ್ನೊಂದು ಅಣುವು ತದ್ವಿರುದ್ಧವಾಗಿ ಪಿ-300ನ್ನು ಚುರುಕುಗೊಳಿಸಿತು. ಮರುವರ್ಷ ಪುನರ್ಪುಳಿಯ ಸರದಿ. ಉತ್ತರ ಕನ್ನಡದವರು ಮುರುಗಲು ಎನ್ನುವ, ಬೇಸಗೆಯಲ್ಲಿ ಸಾರಿಗೂ ಪಾನಕಕ್ಕೂ ಒದಗುವ ಆ ಕೆಂಪು ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ವಸ್ತುವು, ಒಂದು ಲೀಟರಿನಲ್ಲಿ ಕೇವಲ 7 ಮೈಕ್ರೊಮೋಲಿನಷ್ಟು ಇದ್ದರೂ ಪಿ-300ರ ಕೆಲಸವನ್ನು ಅರ್ಧಕ್ಕೆ ಇಳಿಸಿತು. ಅದೇ 2004ರಲ್ಲಿ ಅರಿಸಿನದ ಕರ್ಕ್ಯುಮಿನ್ ಮೇಲಣ ಲೇಖನ ಬಂತು.

ಪರೀಕ್ಷೆಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೆಬ್ಬೆರಳಿನಷ್ಟಿರುವ ಪ್ಲಾಸ್ಟಿಕ್ ನಳಿಕೆಯಲ್ಲಿ ಹಿಸ್ಟೋನು, ಪಿ-300, ಪರೀಕ್ಷೆಗೆ ಒಡ್ಡಿದ ವಸ್ತು ಇವಿಷ್ಟನ್ನು ಬೆರಸಿ, ಕೊನೆಗೆ ಅಸೆಟೈಲನ್ನು ಒದಗಿಸುವ ಸಹಕಿಣ್ವವನ್ನು ಹಾಕುತ್ತಾರೆ. ಈ ಅಸೆಟೈಲಿನಲ್ಲಿರುವ ಹೈಡ್ರೊಜನ್ ವಿಕಿರಣಶೀಲವಾದದ್ದು. ದೇಹದ ಉಷ್ಣಕ್ಕಿಂತ ತುಸು ಕಡಿಮೆಯಾದ ಶಾಖದಲ್ಲಿ ಸ್ವಲ್ಪ ಹೊತ್ತು ಇಟ್ಟು, ಮಿಶ್ರಣವನ್ನು ರೂಪಾಯಿ ನಾಣ್ಯದಷ್ಟು ಅಗಲದ ಕಾಗದದ ಮೇಲೆ ತೊಟ್ಟಿಕ್ಕಿ ತೊಳೆಯುತ್ತಾರೆ. ಹಿಸ್ಟೋನು ಕಾಗದಕ್ಕೆ ಹತ್ತಿಕೊಳ್ಳುತ್ತದೆ, ಬಿಡಿಯಾಗಿ ಉಳಿದ ಅಸೆಟೈಲು ತೊಳೆದುಹೋಗುತ್ತದೆ. ಒಣಗಿದ ಕಾಗದದಿಂದ ಹೊಮ್ಮುವ ವಿಕಿರಣವನ್ನು ಯಂತ್ರವು ಎಣಿಸಿದರೆ, ಎಷ್ಟು ಗುರುತುಗಳು ಬಿದ್ದವೆಂಬುದು ಅಂಕೆಯಾಗಿ ಕಾಣುತ್ತದೆ. ಕರ್ಕ್ಯುಮಿನ್ ಬೆರಸಿದ ನಳಿಕೆಯಲ್ಲಿ ಆ ಅಂಕೆ ತಗ್ಗಿತು. ಕಿಣ್ವವನ್ನು ಬದಲಾಯಿಸಿ, ಪಿ-300ರ ಬದಲು ಪಿ-ಕ್ಯಾಫ್ ಎಂಬ ಇನ್ನೊಂದು ಅಸೆಟೈಲ್ ಕಿಣ್ವವನ್ನು ಇಟ್ಟಾಗ ಅದು ತಗ್ಗಲಿಲ್ಲ. ಜೀವಂತ ಕೋಶಗಳಲ್ಲಿ ನೋಡಿದಾಗ ಪಿ-53ರ ಮೇಲೆ ಬೀಳತಕ್ಕ ಅಸೆಟೈಲೂ ಕಡಿಮೆಯಾಯಿತು. ಹಿಸ್ಟೋನುಗಳಿಲ್ಲದ ಬರಿಯ ಡಿ.ಎನ್.ಎ.ಯಿಂದ ನಡೆಯುವ ಪ್ರತಿಲೇಖನಕ್ಕೆ ಕರ್ಕ್ಯುಮಿನ್ ಅಡ್ಡಿಮಾಡಲಿಲ್ಲ, ಕ್ರೊಮಾಟಿನ್ನಿನಿಂದ ನಡೆಯುವುದಕ್ಕೆ ಮಾತ್ರ ಅಡ್ಡಿಮಾಡಿತು. ತಡೆಯು ನಕಲು ತೆಗೆಯುವ ಯಂತ್ರದ ಮೇಲಲ್ಲ, ಗುರುತು ಹಚ್ಚುವ ಕೈಯ ಮೇಲೆಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಡ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಒತ್ತಿ ಹೇಳಬೇಕಾಗಿದೆ. ಪ್ರಯೋಗನಳಿಕೆಯ ಈ ಫಲಗಳನ್ನು ಕೇಳಿ, ಅರಿಸಿನವನ್ನು ಹಾಲಿನಲ್ಲಿ ಕದಡಿ ಕುಡಿದರೆ ಅರ್ಬುದ ವಾಸಿಯಾಗುತ್ತದೆಯೆಂದು ಸಾರುವವರಿದ್ದಾರೆ. ಅವರ ಮಾತನ್ನು ನಂಬಿ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಬೇಡಿರೆಂದು ತಮ್ಮಲ್ಲಿ ಕೈಮುಗಿದು ಬೇಡುತ್ತೇನೆ. ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಕೆಲವೇ ಪಾಲು. ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇರಿದ್ದೂ ಬಹುಬೇಗ ವಿಘಟಿಸುತ್ತದೆ. ಮೇಲಾಗಿ ಅದು ಸಿಕ್ಕಸಿಕ್ಕ ಪ್ರೋಟೀನುಗಳಿಗೆ ಅಂಟುವ ಸ್ವಭಾವದ್ದಾದ್ದರಿಂದ ಅದರ ಪರೀಕ್ಷಾಫಲಗಳನ್ನು ಬಹು ಜಾಗರೂಕತೆಯಿಂದ ತೂಗಬೇಕೆಂದು ರಸಾಯನಜ್ಞರು ಹೇಳುತ್ತಾರೆ. ಪಿ-300ನ್ನು ಅರಿಯುವುದಕ್ಕೆ ಗಿಡಗಳಿಂದ ದೊರೆತ ಈ ವಸ್ತುಗಳು ಉಪಕರಣಗಳಾದವು. ಅದೇ ಇವುಗಳ ದೊಡ್ಡ ಬೆಲೆ. ಇನ್ನು ಗೇರುಬೀಜದ ವಂಶದ ಆ ಉತ್ತೇಜಕ ಅಣುವಿನ ಕಥೆ ಬೇರೆಯಾಗಿ ಬೆಳೆಯಿತು. ಅದು ತಾನಾಗಿ ಕೋಶವನ್ನು ಪ್ರವೇಶಿಸಲಾರದ್ದಾಗಿತ್ತು. ಜಕ್ಕೂರಿನವರೇ ಗ್ಲುಕೋಸಿನಿಂದ ತಯಾರಿಸಿದ ಅತಿಸೂಕ್ಷ್ಮ ಇಂಗಾಲದ ಗೋಲಿಗಳಿಗೆ ಅದನ್ನು ಅಂಟಿಸಿದಾಗ ಒಳಹೊಕ್ಕಿತು. ಅದರ ಮುಂದಿನ ರೂಪವೊಂದನ್ನು ಅದೇ ಗೋಲಿಗಳ ಮೇಲೆ ಕೊಟ್ಟಾಗ ಇಲಿಗಳ ನೆನಪು ಹೆಚ್ಚು ಕಾಲ ಉಳಿಯಿತೆಂದು ಫ್ರಾನ್ಸಿನ ಸಹಯೋಗಿಗಳೊಡನೆ 2013ರಲ್ಲಿ ಪ್ರಕಟಿಸಿದರು. ಬೆನ್ನುಹುರಿಗೆ ಪೆಟ್ಟಾದ ಪ್ರಾಣಿಗಳಲ್ಲಿ ನರತಂತುಗಳು ಮತ್ತೆ ಚಿಗುರುವುದಕ್ಕೆ ಅದು ನೆರವಾಯಿತೆಂಬ ವಾರ್ತೆ 2019ರಲ್ಲಿ ಬಂತು.

ಮನುಷ್ಯನ ದೇಹದ ಮಾತು ಸಾಕು. ಸೆಟ್ಟೂರಿಗೆ ಬಂದು ಕಡಲೆಕಾಯಿಯ ವಿಷಯವಾಡದೆ ಹೋದರೆ ಈ ಸಭೆಗೆ ಅಪಚಾರ ಮಾಡಿದಂತೆ. ಅನಂತಪುರ ಜಿಲ್ಲೆಯ ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರು. ಅಷ್ಟಾದರೂ ಸಕಾಲದಲ್ಲಿ ಬಿದ್ದರೆ ಚಿಂತೆಯಿಲ್ಲ. ಬಿತ್ತನೆಯ ಕಾಲಕ್ಕೆ ಸುರಿದು, ಹೂವಿನ ತಳದ ಮೊನೆಗಳು ನೆಲಕ್ಕೆ ಇಳಿಯಬೇಕಾದ ಹೊತ್ತಿಗೆ ಮಾಯವಾಗುವುದೇ ಇಲ್ಲಿನ ಮಳೆಯ ಪದ್ಧತಿ. ಅಂಥ ಒಣದಿನಗಳಲ್ಲಿ ನಡುಹಗಲಿಗೆ ಕೆಂಪುನೆಲದ ಹೊಲದ ಬದುವಿನ ಮೇಲೆ ನಿಂತು ನೋಡಿರಿ: ಒಂದೊಂದು ಎಲೆಯ ನಾಲ್ಕು ಕಿರುದಳಗಳೂ ಎರಡೆರಡಾಗಿ ಮುಚ್ಚಿಕೊಂಡು, ಬಿಸಿಲಿಗೆ ಅಗಲವನ್ನು ಒಡ್ಡದೆ ಅಂಚನ್ನಷ್ಟೇ ಒಡ್ಡಿ, ಮಾಸಿದ ಅಡಿಮೈಯನ್ನು ತೋರಿಸುತ್ತವೆ, ಹಸುರು ಹೊಲದ ಬಣ್ಣವೇ ಬೂದಿಗೆ ತಿರುಗಿದಂತೆ ಕಾಣುತ್ತದೆ, ಸಂಜೆಯ ತಂಪಿಗೆ ಮತ್ತೆ ತೆರೆಯುತ್ತವೆ. ಕಣ್ಣಿಗೆ ಕಾಣುವ ವ್ಯವಹಾರ ಇಷ್ಟು. ಕಾಣದ ವ್ಯವಹಾರವು ಕೋಶಗಳ ಒಳಗೆ ನಡೆಯುತ್ತಿರುತ್ತದೆ.

ನೀರಿನ ಅಭಾವವಾದಾಗ ಗಿಡದಲ್ಲಿ ಅಬ್‌ಸಿಸಿಕ್ ಆಮ್ಲವೆಂಬ ಹಾರ್ಮೋನು ಏರುತ್ತದೆ. 1960ರ ದಶಕದಿಂದ ಅದರ ಪರಿಚಯವಿದ್ದರೂ ಅದು ಯಾರ ಕಿವಿಯಲ್ಲಿ ಏನು ಹೇಳುತ್ತದೆಯೆಂಬುದು ಬಹುಕಾಲ ಗೂಢವಾಗಿಯೇ ಇತ್ತು. 2009ರಲ್ಲಿ ಅಮೆರಿಕದ ಶಾನ್ ಕಟ್ಲರ್, ಜರ್ಮನಿಯ ಎರ್ವಿನ್ ಗ್ರಿಲ್ ಇವರ ತಂಡಗಳು ಅದರ ಗ್ರಾಹಕ ಪ್ರೋಟೀನುಗಳನ್ನು ಕಂಡುಹಿಡಿದವು. ಆಗ ತಿಳಿದುಬಂದ ಏರ್ಪಾಡು ಹೀಗಿದೆ. ಬರದ ಜೀನುಗಳನ್ನು ಎಬ್ಬಿಸುವ ನಿಯಾಮಕಗಳು ಕೋಶದಲ್ಲಿ ಮೊದಲೇ ಸ್ವಲ್ಪಮಟ್ಟಿಗೆ ಇರುತ್ತವೆ. ಅವಕ್ಕೆ ಫಾಸ್ಫೇಟು ಹಚ್ಚುವ ಕೈನೇಸೂ ಇರುತ್ತದೆ. ಆದರೆ ಒಂದು ಫಾಸ್ಫಟೇಸು ಆ ಕೈನೇಸಿನ ಮೇಲಿನ ಗುರುತನ್ನು ಕ್ಷಣಕ್ಷಣವೂ ಅಳಿಸುತ್ತ ಅದನ್ನು ಏಳದಂತೆ ಅದುಮಿಟ್ಟಿರುತ್ತದೆ. ಹಾರ್ಮೋನು ಬಂದು ಗ್ರಾಹಕದೊಳಗೆ ಕುಳಿತೊಡನೆ ಗ್ರಾಹಕವು ಹೋಗಿ ಫಾಸ್ಫಟೇಸನ್ನು ಹಿಡಿದು ನಿಲ್ಲಿಸುತ್ತದೆ. ಅಳಿಸುವ ಕೈ ನಿಂತದ್ದರಿಂದ ಕೈನೇಸು ಎಚ್ಚರಗೊಂಡು ನಿಯಾಮಕಕ್ಕೆ ಗುರುತು ಹಚ್ಚುತ್ತದೆ. ಕೆರೆಯಲ್ಲಿ ನೀರು ತುಂಬಿಯೇ ಇದ್ದು, ನೀರುಗಂಟಿಯು ತೂಬಿನ ಬಿರಡೆಯನ್ನು ಎತ್ತಿದರೆ ಕಾಲುವೆಗೆ ತಾನಾಗಿ ಹರಿಯುತ್ತದಲ್ಲವೆ, ಹಾಗೆ ಇಲ್ಲಿ ಹಾರ್ಮೋನು ಹೊಸದಾಗಿ ಯಾವ ಬಲವನ್ನೂ ಕೊಡದೆ, ಇದ್ದ ತಡೆಯನ್ನು ಮಾತ್ರ ತೆಗೆಯುತ್ತದೆ. ಗ್ರಾಹಕ, ಫಾಸ್ಫಟೇಸು, ಕೈನೇಸು, ನಿಯಾಮಕ ಈ ನಾಲ್ಕನ್ನೇ ಶುದ್ಧರೂಪದಲ್ಲಿ ನಳಿಕೆಯಲ್ಲಿ ಬೆರಸಿ, ಹಾರ್ಮೋನು ಹಾಕಿದಾಗ ಮಾತ್ರ ನಿಯಾಮಕಕ್ಕೆ ಫಾಸ್ಫೇಟು ಬೀಳುವುದನ್ನು ಅದೇ ವರ್ಷ ತೋರಿಸಿದರು.

ಎಚ್ಚೆತ್ತ ಕೈನೇಸು ಎರಡು ಕೆಲಸಗಳನ್ನು ಮಾಡುತ್ತದೆ. ಎಲೆಯ ಪತ್ರರಂಧ್ರಗಳ ಕಾವಲು ಕೋಶಗಳಲ್ಲಿರುವ ಕಾಲುವೆ ಪ್ರೋಟೀನಿಗೆ ನೇರವಾಗಿ ಫಾಸ್ಫೇಟು ಹಚ್ಚಿ ಕೆಲವೇ ನಿಮಿಷಗಳಲ್ಲಿ ರಂಧ್ರಗಳು ಮುಚ್ಚುವಂತೆ ಮಾಡುವುದು ಒಂದು. ಇನ್ನೊಂದು, ಅರೆಬ್ ಎಂದು ಹೆಸರಿಟ್ಟಿರುವ ನಿಯಾಮಕಗಳ ಹಲವು ಸೆರೀನು ಥ್ರಿಯೊನೀನುಗಳಿಗೆ ಗುರುತು ಹಚ್ಚಿ, ಒಣಗುವ ಕೋಶದ ಪ್ರೋಟೀನು ಪೊರೆಗಳನ್ನು ಕಾಪಾಡತಕ್ಕ ವಸ್ತುಗಳ ಜೀನುಗಳನ್ನು ಎಬ್ಬಿಸುವುದು. ಜಪಾನಿನ ಶಿನೊಜಾಕಿ ದಂಪತಿಗಳ ತಂಡ 2006ರಲ್ಲಿ ಮಾಡಿದ ಪ್ರಯೋಗವೊಂದು ನಮ್ಮ ವಿಷಯಕ್ಕೆ ಕಿರೀಟಪ್ರಾಯವಾದದ್ದು. ಅವರು ಆ ನಿಯಾಮಕದಲ್ಲಿ ಫಾಸ್ಫೇಟು ಅಂಟುವ ಸ್ಥಾನಗಳಲ್ಲಿ, ತಾನೇ ಋಣ ವಿದ್ಯುದಂಶವುಳ್ಳ ಆಸ್ಪಾರ್ಟಿಕ್ ಆಮ್ಲವನ್ನು ಇರಿಸಿದರು. ಆಗ ಹಾರ್ಮೋನಿಲ್ಲದೆಯೇ ಬರದ ಜೀನುಗಳು ಎದ್ದವು. ಗುರುತಿನ ಹೋಲಿಕೆಯೊಂದಿದ್ದರೂ ಸಾಕು, ನಿಯಾಮಕವು ತನಗೆ ಅಪ್ಪಣೆಯಾಯಿತೆಂದೇ ನಂಬುತ್ತದೆ!

ಈ ಶೋಧನೆಗಳಲ್ಲಿ ಹೆಚ್ಚಿನವು ನಡೆದದ್ದು ಸಾಸುವೆಯ ಕುಲದ ಅರಾಬಿಡಾಪ್ಸಿಸ್ ಎಂಬ ಕಿರುಗಿಡದಲ್ಲಿ. ಕಡಲೆಕಾಯಿಯಾದರೋ ಎರಡು ಕಾಡುಜಾತಿಗಳು ಕೂಡಿ ಆದದ್ದು. ಪ್ರತಿಯೊಂದು ಜೀನೂ ಅದರಲ್ಲಿ ಎರಡು ಮನೆತನಗಳಿಂದ ಬಂದಿರುತ್ತದೆ. ಅದರ ಪೂರ್ಣ ಡಿ.ಎನ್.ಎ. ಪಾಠವು ಓದಿಗೆ ದೊರೆತದ್ದು 2019ರಲ್ಲಿ. ಆ ಮೊದಲೇ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಅರಾಬಿಡಾಪ್ಸಿಸ್ಸಿನ ಡ್ರೆಬ್ ಎಂಬ ಬರದ ನಿಯಾಮಕವೊಂದನ್ನು ಜೆ.ಎಲ್. 24 ಎಂಬ ಕಡಲೆಕಾಯಿ ತಳಿಯಲ್ಲಿ ಸೇರಿಸಿ, ನೀರು ಕಡಿಮೆಯಾದಾಗ ಅದು ನೀರನ್ನು ಹೆಚ್ಚು ಮಿತವ್ಯಯದಿಂದ ಬಳಸುವುದನ್ನು ಕಂಡು 2007ರಲ್ಲಿ ವರದಿಮಾಡಿದರು. ಅವರು ಆ ನಿಯಾಮಕವನ್ನು ಸದಾಕಾಲ ಉಕ್ಕಿಸದೆ, ಬರ ಬಂದಾಗ ಮಾತ್ರ ಅದು ಹುಟ್ಟುವಂತೆ ಏರ್ಪಡಿಸಿದ್ದರೆಂಬುದನ್ನು ಗಮನಿಸಬೇಕು. ಕಾರಣವೂ ಉಂಟು. ಡ್ರೆಬ್ ಸದಾ ಉಕ್ಕುವಂತೆ ಮಾಡಿದ ಅರಾಬಿಡಾಪ್ಸಿಸ್ ಗಿಡಗಳು ಬರವನ್ನೇನೋ ತಾಳಿದವು, ಆದರೆ ಕುಳ್ಳಾಗಿ ಮುರುಟಿಕೊಂಡವು. ಡ್ರೆಬ್ ಬಳಗದ ಇನ್ನೊಂದು ನಿಯಾಮಕದಲ್ಲಿ, ಅದನ್ನು ಹಿಡಿತದಲ್ಲಿಡುವ ತುಂಡೊಂದನ್ನು ಕತ್ತರಿಸಿ ತೆಗೆದಾಗಲೂ ಹಾಗೆಯೇ ಆಯಿತು. ಸ್ವಸ್ಥಕಾಲದಲ್ಲಿ ಈ ನಿಯಾಮಕವನ್ನು ಯುಬಿಕ್ವಿಟಿನ್ ಹಚ್ಚಿ ನಾಶಪಡಿಸುವ ಪ್ರೋಟೀನುಗಳು ಗಿಡದಲ್ಲಿಯೂ ಇವೆ, ಮತ್ತು ಅವು ಇರುವುದು ಗಿಡದ ಹಿತಕ್ಕಾಗಿಯೇ. ಬರನಿರೋಧಕ ಜೀನು ಸಿಕ್ಕಿತೆಂಬ ಶೀರ್ಷಿಕೆಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ, ಅದನ್ನು ಅಡಗಿಸುವ ಕೈಯನ್ನೂ ಅವರು ಅಭ್ಯಾಸಮಾಡಿದ್ದಾರೆಯೇ ಎಂಬುದು. ಮುಚ್ಚಿದ ಪತ್ರರಂಧ್ರದಿಂದ ನೀರು ಹೊರಹೋಗದಿದ್ದಂತೆ ಇಂಗಾಲದ ಡೈಆಕ್ಸೈಡೂ ಒಳಬಾರದು. ಇಂಗಾಲವಿಲ್ಲದೆ ಕಾಯಿ ತುಂಬದು. ಬರವನ್ನು ಗೆದ್ದು ಕಾಯಿ ಕೊಡದ ಗಿಡದಿಂದ ರೈತನಿಗೆ ದಕ್ಕುವುದು ದನದ ಮೇವು ಮಾತ್ರ.

ಆದ್ದರಿಂದ ಈ ಸೀಮೆಯ ಬೆಳೆಗೆ ಬರದ ದಿನಗಳಷ್ಟೇ ಮುಖ್ಯವಾದದ್ದು ಮಳೆ ಬಿದ್ದ ಮರುದಿನ. ಮೂರು ವಾರ ಒಣಗಿನಿಂತ ಕಡಲೆಕಾಯಿ ಹೊಲವು ಒಂದು ಹದಮಳೆಗೆ ಎಲೆಯರಳಿಸಿ ಮತ್ತೆ ಹೂಬಿಡುವುದನ್ನು ತಾವೆಲ್ಲರೂ ಕಂಡಿದ್ದೀರಿ. ಆ ಚೇತರಿಕೆಗೆ ಬೇಕಾದ ಸಿದ್ಧತೆಯು ಬರದ ನಡುವೆಯೇ ನಡೆದಿರುತ್ತದೆಯೆಂಬುದು ನನ್ನನ್ನು ಬಹಳವಾಗಿ ಸೆಳೆದ ಸಂಗತಿ: ಅಬ್‌ಸಿಸಿಕ್ ಆಮ್ಲದ ಅಪ್ಪಣೆಯಿಂದ ಎಚ್ಚರಗೊಳ್ಳುವ ಜೀನುಗಳ ಪಟ್ಟಿಯನ್ನು ತೆಗೆದು ನೋಡಿದರೆ, ಒಣಗನ್ನು ತಾಳುವ ಪ್ರೋಟೀನುಗಳ ಜೀನುಗಳ ಜೊತೆಯಲ್ಲಿಯೇ, ಆ ಅಪ್ಪಣೆಯನ್ನು ಅಳಿಸತಕ್ಕ ಫಾಸ್ಫಟೇಸುಗಳ ಜೀನುಗಳೂ ಇವೆ. ಹಾರ್ಮೋನು ಇರುವವರೆಗೆ ಗ್ರಾಹಕಗಳು ಆ ಹೊಸ ಫಾಸ್ಫಟೇಸುಗಳನ್ನೂ ಹಿಡಿದಿಡಲು ಹೆಣಗುತ್ತವೆ. ಬೇರಿಗೆ ತೇವ ತಗುಲಿ ಹಾರ್ಮೋನು ಇಳಿದಾಗ ಅವುಗಳಿಗೆ ಬಿಡುಗಡೆಯಾಗಿ, ಕೈನೇಸಿನ ಮೇಲಿನ ಫಾಸ್ಫೇಟನ್ನು ಕಿತ್ತು, ನಿಯಾಮಕಗಳಿಗೆ ಹೊಸ ಗುರುತು ಬೀಳದಂತೆ ಮಾಡುತ್ತವೆ. ಟಿ.ಎಂ.ವಿ. 2ರಂಥ ಹಳೆಯ ತಳಿಗೂ ಈಚಿನ ಕದಿರಿಯ ತಳಿಗಳಿಗೂ ಒಣದಿನಗಳನ್ನು ತಾಳುವುದರಲ್ಲಿ ಭೇದವನ್ನು ಅಳೆಯುವವರು, ಮಳೆ ಬಿದ್ದ ಮೇಲೆ ಯಾವ ತಳಿಯ ಫಾಸ್ಫಟೇಸು ಎಷ್ಟು ಬೇಗ ಕೆಲಸ ಮುಗಿಸುತ್ತದೆ, ಯಾವುದು ಎಷ್ಟನೆಯ ದಿನಕ್ಕೆ ಹೂವಿಗೆ ಬರುತ್ತದೆ ಎಂಬುದನ್ನೂ ಹೊಲದಲ್ಲಿಯೇ ನಿಂತು ಅಳೆಯಬೇಕು. ಈ ಸಭೆಯಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಆ ಕೆಲಸವನ್ನು ಕೈಗೆತ್ತಿಕೊಳ್ಳುವುದಾದರೆ, ಅದಕ್ಕೆ ಬೇಕಾದ ಹೊಲವು ಈ ಊರಿನ ಸುತ್ತಲೂ ಇದೆ.